ಮನೆಯಂಗಳಕ್ಕೆ ಬ್ಯಾಟರಿ ಹುಲ್ಲು ಯಂತ್ರ: ಕೊಳ್ಳುವ ಮುನ್ನ ಮತ್ತು ಕೊಂಡ ಮೇಲೆ



ಗೊಬ್ಬರಕ್ಕೋ ಮೈಲುತುತ್ತಕ್ಕೋ ಸಂಘದ ಕಚೇರಿಗೆ ಬರುವ ಬೆಳೆಗಾರರು ಕೇಳುವ ಪ್ರಶ್ನೆಗಳಲ್ಲಿ ಈಚೆಗೆ ಒಂದು ಹೊಸ ಪ್ರಶ್ನೆ ಸೇರಿಕೊಂಡಿದೆ. "ಸೆಕ್ರೆಟರಿಗಳೇ, ಈ ಬ್ಯಾಟರಿ ಮೇಲೆ ಓಡೋ ಹುಲ್ಲು ಕತ್ತರಿಸೋ ಮೆಷಿನ್ನು ಹೆಂಗೆ? ತಗೋಬೌದಾ?" ಎಂಬುದೇ ಆ ಪ್ರಶ್ನೆ. ಕೇಳುವವರಲ್ಲಿ ಹೆಂಗಸರೂ ಇದ್ದಾರೆ, ವಯಸ್ಸಾದವರೂ ಇದ್ದಾರೆ. ನಿಂತ ನಿಲುವಿನಲ್ಲಿ ಒಂದು ಮಾತಿನಲ್ಲಿ ಉತ್ತರ ಕೊಡುವಂಥ ಪ್ರಶ್ನೆ ಇದಲ್ಲ. ನಾನೂ ಒಂದು ಯಂತ್ರ ಕೊಂಡು ಕೈ ಸುಟ್ಟುಕೊಂಡು, ಆಮೇಲೆ ಇನ್ನೊಂದನ್ನು ವಿಚಾರಿಸಿ ಕೊಂಡವನಾದ್ದರಿಂದ, ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಂಗಳದ ಹುಲ್ಲು ಯಾಕೆ ಮುಖ್ಯ?

ಅಂಗಳದ ಹುಲ್ಲು ಕತ್ತರಿಸುವುದು ಪೇಟೆಯವರ ಷೋಕಿ ಎಂದು ನಮ್ಮಲ್ಲಿ ಹಲವರ ಭಾವನೆ. ಬೆಂಗಳೂರಿನ ಲಾಲ್‌ಬಾಗ್, ಕೃಷ್ಣರಾಜಸಾಗರದ ಬೃಂದಾವನ, ನಮ್ಮ ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ವಿಹಾರದ ಸ್ವರ್ಣ ಮಂದಿರದ ಆವರಣ, ಇಂಥ ಕಡೆ ಹಸಿರು ಹಾಸು ಬೇಕು, ಬೆಳೆಗಾರನ ಮನೆಗೆ ಯಾಕೆ ಎಂದು ಕೇಳುತ್ತಾರೆ. ನಾನೂ ಹಾಗೆಯೇ ಹೇಳುತ್ತಿದ್ದವನು.

ಆದರೆ ನಮ್ಮ ಮನೆಯ ಸುತ್ತ ಇರುವುದು ಬರೀ ಅಂದದ ಹುಲ್ಲಲ್ಲ. ಕಾಫಿ, ಅಡಿಕೆ ಒಣಗಿಸುವ ಕಣದ ಅಂಚು, ಕೊಟ್ಟಿಗೆಗೆ ಹೋಗುವ ದಾರಿ, ಬೋರ್‌ವೆಲ್ಲಿನ ಪಂಪ್‌ಹೌಸು, ಬಚ್ಚಲ ಹಿಂದಿನ ಹಿತ್ತಲು, ಹಳೆಯ ಹೊಗೆಸೊಪ್ಪಿನ ಬ್ಯಾರನ್ನಿನ ಪಕ್ಕದ ಖಾಲಿ ಜಾಗ, ಇವೆಲ್ಲ ಮುಂಗಾರು ಹಿಡಿದ ಮೂರು ವಾರಕ್ಕೆ ಮೊಣಕಾಲೆತ್ತರ ಬೆಳೆದು ನಿಲ್ಲುತ್ತವೆ. ಎರಡು ವರ್ಷದ ಕೆಳಗೆ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ನಮ್ಮ ಕಣದ ಬದಿಯ ಹುಲ್ಲಿನಲ್ಲಿ ಕೊಳಕುಮಂಡಲ ಸುತ್ತಿಕೊಂಡು ಮಲಗಿತ್ತು. ಸೌದೆ ತರಲು ಹೋದ ಆಳು ಹೆಂಗಸಿನ ಕಾಲಿಗೂ ಅದಕ್ಕೂ ಒಂದು ಗೇಣು ಅಂತರ. ಅದು ಬುಸುಗುಟ್ಟಿತು, ಆಕೆ ಹಿಂದಕ್ಕೆ ಹಾರಿದಳು, ದೇವರ ದಯೆಯಿಂದ ಅಷ್ಟಕ್ಕೇ ಮುಗಿಯಿತು. ಆ ಹುಲ್ಲನ್ನು ಹದಿನೈದು ದಿನದ ಹಿಂದೆಯೇ ಕೊಯ್ಯಿಸಬೇಕಾಗಿತ್ತು. ಆಳು ಸಿಗಲಿಲ್ಲ ಎಂದು ಬಿಟ್ಟವನು ನಾನು.

ಹಾವು ಕಡಿತ ನಮ್ಮಂಥ ಹಳ್ಳಿಗಳವರ ಪಾಲಿಗೆ ಎಷ್ಟು ದೊಡ್ಡ ಸಮಸ್ಯೆ ಎಂಬುದಕ್ಕೆ, 2024ರಲ್ಲಿ ಕರ್ನಾಟಕ ಸರ್ಕಾರವು ಅದನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದ್ದೇ ಸಾಕ್ಷಿ. ಹುಲ್ಲು ಗಿಡ್ಡವಾಗಿದ್ದರೆ ಹಾವು ಬರುವುದೇ ಇಲ್ಲ ಎಂದಲ್ಲ. ಬಂದರೆ ಕಣ್ಣಿಗೆ ಬೀಳುತ್ತದೆ, ಅಷ್ಟೇ. ಆ ಅಷ್ಟೇ ನಮಗೆ ಸಾಕು.

ಆಳಿನ ವಿಷಯ ನಾನು ಹೇಳಬೇಕಾಗಿಲ್ಲ. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಕಡೆಯ ಹಾಡಿಗಳಿಂದಲೂ ಹಳ್ಳಿಗಳಿಂದಲೂ ಬೆಳಗಾಗುವುದರೊಳಗೆ ಜೀಪುಗಳು ತುಂಬಿಕೊಂಡು ಕೊಡಗಿನ ತೋಟಗಳಿಗೆ ಹೊರಡುತ್ತವೆ. ಉಳಿದವರು ಶುಂಠಿ ಹೊಲಕ್ಕೆ ಹೋಗುತ್ತಾರೆ. ಅರ್ಧ ದಿನದ ಅಂಗಳದ ಕೆಲಸಕ್ಕೆ ಯಾರೂ ಬರುವುದಿಲ್ಲ. ಆದುದರಿಂದ ಮನೆಯವರೇ, ಅದರಲ್ಲೂ ಮನೆಯಲ್ಲಿ ಉಳಿದ ಹೆಂಗಸರೂ ವಯಸ್ಸಾದವರೂ ಎತ್ತಿ ನಡೆಸಬಲ್ಲ ಹಗುರವಾದ ಯಂತ್ರ ಬೇಕಾಗಿದೆ.

ಯಂತ್ರದ ಬಗೆಗಳು

ಹುಲ್ಲು ಕತ್ತರಿಸುವ ಯಂತ್ರ ಹೊಸದೇನೂ ಅಲ್ಲ. 1830ರಲ್ಲಿ ಇಂಗ್ಲೆಂಡಿನ ಸ್ಟ್ರೌಡ್ ಎಂಬ ಊರಿನ ಎಡ್ವಿನ್ ಬಡ್ಡಿಂಗ್ ಎಂಬಾತನು ಇದಕ್ಕೆ ಮೊದಲ ಪೇಟೆಂಟ್ ಪಡೆದನು. ಉಣ್ಣೆ ಗಿರಣಿಯಲ್ಲಿ ಬಟ್ಟೆಯ ಮೇಲೆದ್ದ ಜುಂಗನ್ನು ಸಮನಾಗಿ ಕತ್ತರಿಸುವ ಯಂತ್ರವನ್ನು ನೋಡಿ ಅವನಿಗೆ ಈ ಉಪಾಯ ಹೊಳೆಯಿತಂತೆ. ಅಂದು ಎರಕದ ಕಬ್ಬಿಣದ ಭಾರೀ ಯಂತ್ರವಾಗಿದ್ದದ್ದು ಇಂದು ಒಂದು ಕೈಯಲ್ಲಿ ಎತ್ತುವಷ್ಟು ಹಗುರವಾಗಿದೆ. ಈಗ ನಮಗೆ ಸಿಗುವ ಯಂತ್ರಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

1. ಕೈಯಿಂದ ತಳ್ಳುವ ಉರುಳೆ ಯಂತ್ರ. ಬಡ್ಡಿಂಗನ ಯಂತ್ರದ ಮೊಮ್ಮಗು ಇದು. ಬ್ಯಾಟರಿ ಇಲ್ಲ, ಎಣ್ಣೆ ಇಲ್ಲ. ತಳ್ಳಿದಂತೆ ಅಲಗುಗಳು ಉರುಳಿ ಕತ್ತರಿಯಂತೆ ಹುಲ್ಲನ್ನು ಕತ್ತರಿಸುತ್ತವೆ. ಅರ್ಧ ಗುಂಟೆಗಿಂತ ಚಿಕ್ಕದಾದ, ಸಮತಟ್ಟಾದ, ವಾರಕ್ಕೊಮ್ಮೆ ತಪ್ಪದೆ ಕತ್ತರಿಸುವ ಹಸಿರು ಹಾಸಿಗೆ ಇದೇ ಸಾಕು. ಆದರೆ ಹುಲ್ಲು ಎತ್ತರವಾದರೆ ಬಗ್ಗಿಸಿ ಬಿಡುತ್ತದೆಯೇ ಹೊರತು ಕತ್ತರಿಸುವುದಿಲ್ಲ. ಕಲ್ಲು, ಕಡ್ಡಿ ಸಿಕ್ಕರೆ ಅಲಗು ಮುಕ್ಕಾಗುತ್ತದೆ.

2. ಚಕ್ರದ ಬ್ಯಾಟರಿ ಯಂತ್ರ. ಕೆಳಗೆ ಮುಚ್ಚಿದ ತಟ್ಟೆ, ಅದರೊಳಗೆ ಫ್ಯಾನಿನಂತೆ ತಿರುಗುವ ಅಲಗು, ಹಿಂದೆ ಹುಲ್ಲು ತುಂಬುವ ಚೀಲ. ಹಗುರವಾದವುಗಳ ಕತ್ತರಿಸುವ ಅಗಲ ಸುಮಾರು 32ರಿಂದ 37 ಸೆಂಟಿಮೀಟರ್, ತೂಕ 12ರಿಂದ 16 ಕಿಲೋ ಇರುತ್ತದೆ. ಅಂಗಳಕ್ಕೆ ಮುಖ್ಯವಾಗಿ ಇದೇ.

3. ನೈಲಾನ್ ದಾರದ ಬ್ಯಾಟರಿ ಯಂತ್ರ. ಉದ್ದ ಕೋಲಿನ ತುದಿಯಲ್ಲಿ ದಾರ ಗಿರ್ರನೆ ತಿರುಗಿ ಹುಲ್ಲನ್ನು ಹೊಡೆಯುತ್ತದೆ. ಮೂರು ನಾಲ್ಕು ಕಿಲೋ ತೂಕ. ಗೋಡೆಯ ಅಂಚು, ಬೇಲಿ ಸಾಲು, ಮೆಟ್ಟಿಲ ಸಂದು, ಏರುತಗ್ಗು, ಚಕ್ರ ಹೋಗದ ಕಡೆಯೆಲ್ಲ ಇದು ಬೇಕು.

4. ಪೆಟ್ರೋಲ್ ಯಂತ್ರ. ತೋಟದಲ್ಲಿ ಬೆನ್ನಿಗೋ ಹೆಗಲಿಗೋ ಹಾಕಿಕೊಂಡು ಕಳೆ ಹೊಡೆಯುವ ಇದರ ಪರಿಚಯ ಎಲ್ಲರಿಗೂ ಇದೆ. ಶಕ್ತಿ ಹೆಚ್ಚು. ಭಾರ, ಸದ್ದು, ಹೊಗೆ, ನಡುಕ ಕೂಡ ಹೆಚ್ಚು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಅಂಗಳದ ಚಿಕ್ಕ ಬ್ಯಾಟರಿ ಯಂತ್ರ ತೋಟದ ಕಳೆಗೆ ಅಲ್ಲ. ಹಾಗೆಂದು ನಂಬಿ ಕೊಂಡು ನಿರಾಶರಾದ ಸದಸ್ಯರಿದ್ದಾರೆ. ಅದರ ಕಾರಣ ಕೆಳಗಿನ ಲೆಕ್ಕದಿಂದ ತಿಳಿಯುತ್ತದೆ.

ಬ್ಯಾಟರಿಯ ಲೆಕ್ಕ

ಅಂಗಡಿಯಲ್ಲಿ ಯಂತ್ರದ ಮೇಲೆ ಎರಡು ಅಂಕಿಗಳಿರುತ್ತವೆ: ವೋಲ್ಟ್ ಮತ್ತು ಆಂಪಿಯರ್ ಅವರ್. ಇದನ್ನು ನಮ್ಮ ನೀರಿನ ತೊಟ್ಟಿಗೆ ಹೋಲಿಸಿ ನೋಡಿ. ವೋಲ್ಟ್ ಎಂದರೆ ತೊಟ್ಟಿ ಎಷ್ಟು ಎತ್ತರದಲ್ಲಿದೆ ಎಂಬುದು. ಆಂಪಿಯರ್ ಅವರ್ ಎಂದರೆ ತೊಟ್ಟಿಯಲ್ಲಿ ಎಷ್ಟು ನೀರಿದೆ ಎಂಬುದು. ತೊಟ್ಟಿ ಎಷ್ಟೇ ಎತ್ತರದಲ್ಲಿದ್ದರೂ ನೀರು ಒಂದೇ ಕೊಡ ಇದ್ದರೆ ಪ್ರಯೋಜನವೇನು? ಎರಡನ್ನೂ ಗುಣಿಸಿದಾಗ ಬರುವುದು ವಾಟ್ ಅವರ್. ಕೆಲಸ ನಡೆಯುವುದು ಅದರ ಮೇಲೆ. 18 ವೋಲ್ಟಿನ 5 ಆಂಪಿಯರ್ ಅವರ್ ಬ್ಯಾಟರಿ 90 ವಾಟ್ ಅವರ್. 36 ವೋಲ್ಟಿನ 4 ಆಂಪಿಯರ್ ಅವರ್ ಬ್ಯಾಟರಿ 144 ವಾಟ್ ಅವರ್. ಅಂಗಡಿಯವರಿಗೆ ವೋಲ್ಟ್ ಕೇಳಬೇಡಿ, ವಾಟ್ ಅವರ್ ಕೇಳಿ.

ಇನ್ನೊಂದು ಗೊಂದಲ. ಒಂದು ಕಂಪನಿಯ ಯಂತ್ರದ ಮೇಲೆ 18 ವೋಲ್ಟ್ ಎಂದೂ, ಇನ್ನೊಂದರ ಮೇಲೆ 20 ವೋಲ್ಟ್ ಎಂದೂ ಬರೆದಿರುತ್ತದೆ. 20 ಹೆಚ್ಚಲ್ಲವೇ ಎಂದು ಜಾಸ್ತಿ ಹಣ ಕೊಟ್ಟವರಿದ್ದಾರೆ. ಟಾರ್ಚಿಗೆ ಸೆಲ್ಲುಗಳನ್ನು ಸಾಲಾಗಿ ಹಾಕುವಂತೆ ಈ ಬ್ಯಾಟರಿಯೊಳಗೂ ಐದು ಲಿಥಿಯಂ ಸೆಲ್ಲುಗಳು ಸಾಲಾಗಿವೆ. ಒಂದೊಂದು ಸರಾಸರಿ 3.6 ವೋಲ್ಟ್, ಐದಕ್ಕೆ 18. ಆಗತಾನೆ ಪೂರ್ತಿ ಚಾರ್ಜಾದಾಗ ಒಂದೊಂದು 4 ವೋಲ್ಟಿನ ಮೇಲಿರುತ್ತದೆ, ಐದಕ್ಕೆ 20. ಅದೇ ಬ್ಯಾಟರಿ, ಹೆಸರು ಮಾತ್ರ ಎರಡು.

ಈಗ ಕೆಲಸದ ಲೆಕ್ಕ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಸುಮಾರು 101 ಚದರ ಮೀಟರ್. ಯಂತ್ರದ ಅಗಲ 33 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಸ್ವಲ್ಪ ಏರಬೇಕಾದ್ದರಿಂದ ನಿಜವಾಗಿ ಸಿಗುವುದು 28 ಸೆಂಟಿಮೀಟರ್. ಅಂದರೆ ಒಂದು ಗುಂಟೆಗೆ ಸುಮಾರು 360 ಮೀಟರ್ ನಡೆಯಬೇಕು. ಗಂಟೆಗೆ ಎರಡು ಕಿಲೋಮೀಟರಿನ ನಿಧಾನ ನಡಿಗೆಯಲ್ಲಿ ಅದು 11 ನಿಮಿಷ. ತಿರುಗಿಸುವುದು, ಚೀಲ ಖಾಲಿ ಮಾಡುವುದು ಸೇರಿ ಕಾಲು ಗಂಟೆ. ಸಾಧಾರಣ ಹುಲ್ಲಿಗೆ ಯಂತ್ರ 300ರಿಂದ 400 ವಾಟ್ ಎಳೆದರೆ, 90 ವಾಟ್ ಅವರ್ ಬ್ಯಾಟರಿ ನಡೆಯುವುದು 13ರಿಂದ 18 ನಿಮಿಷ. ಹೀಗೆ, ಒಂದು ಬ್ಯಾಟರಿಗೆ ಒಂದು ಗುಂಟೆ ಎಂಬ ಸ್ಥೂಲ ಲೆಕ್ಕವನ್ನು ನೆನಪಿಡಿ. ಹುಲ್ಲು ಎತ್ತರವಾಗಿದ್ದರೆ, ಒದ್ದೆಯಾಗಿದ್ದರೆ ಅರ್ಧ ಗುಂಟೆಗೇ ಮುಗಿಯುತ್ತದೆ.

ಎಕರೆಗೆ 40 ಗುಂಟೆ. ಒಂದು ಎಕರೆ ಅಡಿಕೆ ತೋಟದ ಕಳೆಯನ್ನು ಇದರಲ್ಲಿ ಹೊಡೆಯಲು ಹೊರಟರೆ 40 ಸಲ ಬ್ಯಾಟರಿ ತುಂಬಬೇಕು! ಆದುದರಿಂದ ತೋಟಕ್ಕೆ ಪೆಟ್ರೋಲ್ ಯಂತ್ರ ಇರಲಿ, ಮನೆಯ ಸುತ್ತಿನ ಎರಡು ಮೂರು ಗುಂಟೆಗೆ ಬ್ಯಾಟರಿ ಯಂತ್ರ ಇರಲಿ. ಒಂದರ ಕೆಲಸವನ್ನು ಇನ್ನೊಂದಕ್ಕೆ ಹೊರಿಸಬಾರದು.

ಕರೆಂಟಿನ ಖರ್ಚಿನ ಚಿಂತೆ ಬೇಡ. ಒಂದು ಯೂನಿಟ್ ಎಂದರೆ 1000 ವಾಟ್ ಅವರ್. ಚಾರ್ಜರಿನಲ್ಲಿ ಸೋರುವುದನ್ನು ಸೇರಿಸಿದರೂ 90 ವಾಟ್ ಅವರ್ ಬ್ಯಾಟರಿಯನ್ನು ಒಂದು ಯೂನಿಟ್ಟಿನಲ್ಲಿ ಎಂಟೊಂಬತ್ತು ಸಲ ತುಂಬಬಹುದು.

ಕೊಳ್ಳುವಾಗ ನೋಡಬೇಕಾದದ್ದು

ನಾನು ಮಾಡಿದ ತಪ್ಪನ್ನೇ ಮೊದಲು ಹೇಳುತ್ತೇನೆ. ಬೆಲೆ ಕಡಿಮೆ ಎಂದು ಫೋನಿನಲ್ಲೇ ಒಂದು ಯಂತ್ರ ತರಿಸಿದೆ. ಪೆಟ್ಟಿಗೆ ಬಿಚ್ಚಿದರೆ ಯಂತ್ರವಿದೆ, ಬ್ಯಾಟರಿಯೂ ಇಲ್ಲ, ಚಾರ್ಜರೂ ಇಲ್ಲ. ಬರೀ ಯಂತ್ರದ ಬೆಲೆ ಅದು, ಸಣ್ಣ ಅಕ್ಷರದಲ್ಲಿ ಬರೆದಿತ್ತು. ಬ್ಯಾಟರಿಗೆ ಬೇರೆ ಹಣ ಕೊಟ್ಟು ತರಿಸುವಾಗಲೂ ಅಗ್ಗದ್ದನ್ನೇ ಆರಿಸಿದೆ. ಅದು 2 ಆಂಪಿಯರ್ ಅವರಿನದು. ಐದಾರು ನಿಮಿಷ ಓಡಿ ನಿಂತುಬಿಡುತ್ತಿತ್ತು. ಒಂದು ಮಳೆಗಾಲ ಕಳೆಯುವುದರೊಳಗೆ ಮೋಟಾರೂ ಹೋಯಿತು. ರಿಪೇರಿಗೆ ಕೊಡೋಣವೆಂದರೆ ಬಿಡಿಭಾಗ ಸಿಗುವ ಜಾಗವೇ ಇಲ್ಲ. ನಮ್ಮ ಮನೆಯವರು ಈಗಲೂ ಅದನ್ನು ಅಟ್ಟದ ಮೇಲೆ ಇಟ್ಟು, ನಾನು ಏನಾದರೂ ಕೊಳ್ಳಲು ಹೊರಟಾಗಲೆಲ್ಲ ತೋರಿಸುತ್ತಾರೆ.

ಆದುದರಿಂದ ಈ ಅಂಶಗಳನ್ನು ಗಮನಿಸಿ.

ಒಂದು: ಬೆಲೆ ಕೇಳುವಾಗ ಯಂತ್ರ, ಬ್ಯಾಟರಿ, ಚಾರ್ಜರ್ ಮೂರೂ ಸೇರಿದ ಬೆಲೆ ಕೇಳಿ. ಬ್ಯಾಟರಿಯೊಂದರ ಬೆಲೆಯನ್ನು ಪ್ರತ್ಯೇಕವಾಗಿಯೂ ಕೇಳಿ. ಕೆಲವು ವರ್ಷಗಳ ಮೇಲೆ ಬದಲಿಸಬೇಕಾಗಿ ಬರುವುದು ಅದನ್ನೇ.

ಎರಡು: ತೂಕವನ್ನು ಅಂಕಿಯಲ್ಲಿ ಓದಬೇಡಿ, ಎತ್ತಿ ನೋಡಿ. ಮನೆಯಲ್ಲಿ ಅದನ್ನು ಬಳಸುವವರೇ ಬಂದು ಎತ್ತಲಿ. ಅಂಗಳದಿಂದ ಹಿತ್ತಲಿಗೆ ಮೂರು ಮೆಟ್ಟಿಲಿದ್ದರೆ ದಿನಕ್ಕೆ ಎರಡು ಸಲ ಎತ್ತಿಳಿಸಬೇಕಾದವರು ಅವರು. ಹಿಡಿಕೆಯ ಎತ್ತರ ಅವರ ಸೊಂಟಕ್ಕೆ ಸರಿಹೊಂದಿಸುವಂತಿರಬೇಕು.

ಮೂರು: ಮೋಟಾರಿನಲ್ಲಿ ಕಾರ್ಬನ್ ಬ್ರಷ್ ಇದೆಯೋ ಇಲ್ಲವೋ ಕೇಳಿ. ಬ್ರಷ್ ಇಲ್ಲದ ಮೋಟಾರಿಗೆ ಬೆಲೆ ಹೆಚ್ಚು. ಆದರೆ ಸವೆಯುವ ಭಾಗ ಕಡಿಮೆ, ಅದೇ ಬ್ಯಾಟರಿಯಲ್ಲಿ ಹೆಚ್ಚು ಹೊತ್ತು ಓಡುತ್ತದೆ.

ನಾಲ್ಕು: ಕತ್ತರಿಸುವ ಎತ್ತರವನ್ನು ಸುಲಭವಾಗಿ ಬದಲಿಸುವಂತಿರಬೇಕು. ಕನಿಷ್ಠ 3ರಿಂದ 6 ಸೆಂಟಿಮೀಟರಿನವರೆಗೆ ಹೊಂದಿಸುವಂತಿರಲಿ.

ಐದು: ಎರಡು ಕಡೆ ಒತ್ತಿದರೆ ಮಾತ್ರ ಚಾಲೂ ಆಗುವ, ಹಿಡಿಕೆ ಬಿಟ್ಟೊಡನೆ ಅಲಗು ನಿಲ್ಲುವ ವ್ಯವಸ್ಥೆ ಇರಲೇಬೇಕು. ಇಲ್ಲದ ಯಂತ್ರ ಎಷ್ಟೇ ಅಗ್ಗವಾದರೂ ಬೇಡ.

ಆರು: ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಯಂತ್ರಕ್ಕೆ ಹೊಂದುವುದಿಲ್ಲ. ನಿಮ್ಮಲ್ಲಿ ಈಗಾಗಲೇ ಬ್ಯಾಟರಿಯ ಗರಗಸವೋ, ಕೊಂಬೆ ಕತ್ತರಿಸುವ ಕತ್ತರಿಯೋ ಇದ್ದರೆ, ಅದೇ ಬ್ಯಾಟರಿ ಹೊಂದುವ ಹುಲ್ಲು ಯಂತ್ರ ಸಿಗುವುದೇ ನೋಡಿ. ಹಣ ಉಳಿಯುತ್ತದೆ.

ಏಳು: ಅಲಗು, ದಾರದ ಉರುಳೆ, ಬ್ಯಾಟರಿ ಹುಣಸೂರಿನಲ್ಲೋ ಮೈಸೂರಿನಲ್ಲೋ ಕುಶಾಲನಗರದಲ್ಲೋ ಸಿಗುತ್ತವೆಯೇ ಎಂದು ಕೊಳ್ಳುವ ಮುನ್ನವೇ ವಿಚಾರಿಸಿ. ಯಂತ್ರದ ನಂಬರು ಬರೆದ ಬಿಲ್ಲು ಪಡೆದು ಪಹಣಿ ಪತ್ರಗಳ ಜೊತೆ ಇಡಿ.

ಕತ್ತರಿಸುವ ಕ್ರಮ

ಹುಲ್ಲಿನ ಎತ್ತರದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಒಂದೇ ಸಲಕ್ಕೆ ಕತ್ತರಿಸಬಾರದು ಎಂಬುದು ಎಲ್ಲೆಡೆ ಒಪ್ಪಿದ ನಿಯಮ. 4 ಸೆಂಟಿಮೀಟರ್ ಇರಬೇಕೆಂದರೆ, 6 ಸೆಂಟಿಮೀಟರ್ ಆದಾಗ ಕತ್ತರಿಸಬೇಕು. ಎಲೆಯೇ ಹುಲ್ಲಿನ ಅಡುಗೆಮನೆ. ಅದನ್ನೆಲ್ಲ ಬೋಳಿಸಿದರೆ ಬೇರು ಸೊರಗಿ, ಖಾಲಿ ಬಿದ್ದ ಜಾಗಕ್ಕೆ ಪಾರ್ಥೇನಿಯಂ, ಮುಟ್ಟಿದರೆ ಮುನಿ, ಕೊನ್ನಾರಿ ಗಡ್ಡೆ ಬಂದು ಕೂರುತ್ತವೆ. ಗಿಡ್ಡ ಮಾಡಿದರೆ ಬೇಗ ಬೆಳೆಯುವುದಿಲ್ಲ ಎಂಬ ಲೆಕ್ಕಾಚಾರ ತಲೆಕೆಳಗಾಗುತ್ತದೆ.

ಬಿಸಿಲಿನ ಅಂಗಳದ ಗರಿಕೆಯನ್ನು 3ರಿಂದ 4 ಸೆಂಟಿಮೀಟರಿಗೆ ಇಡಬಹುದು. ಮರದ ನೆರಳಿನ ಅಗಲ ಎಲೆಯ ಹುಲ್ಲನ್ನು 5 ಸೆಂಟಿಮೀಟರಿಗಿಂತ ಕೆಳಗೆ ಇಳಿಸಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರ ಹತ್ತು ದಿನಕ್ಕೊಮ್ಮೆ ಬೇಕು. ಹಿಂಗಾರು ಮುಗಿದ ಮೇಲೆ ತಿಂಗಳಿಗೊಮ್ಮೆ ಸಾಕು. ಬೇಸಿಗೆಯಲ್ಲಿ ನೀರಿಲ್ಲದ ಹುಲ್ಲನ್ನು ಮುಟ್ಟದಿರುವುದೇ ಒಳ್ಳೆಯದು.

ಮಳೆಗಾಲದಲ್ಲಿ ಹುಲ್ಲು ಯಾವಾಗಲೂ ಒದ್ದೆಯಲ್ಲವೇ ಎಂದು ಕೇಳುತ್ತೀರಿ. ಎರಡು ದಿನ ಹೊಳವಾದಾಗ, ಮಧ್ಯಾಹ್ನ ಎರಡು ಗಂಟೆಯ ಮೇಲೆ, ಎಲೆಯ ಮೇಲಿನ ನೀರು ಆರಿದಾಗ ಕತ್ತರಿಸಿ. ಒದ್ದೆ ಹುಲ್ಲು ತಟ್ಟೆಯೊಳಗೆ ಅಂಟಿ ಮೋಟಾರನ್ನು ಬಿಸಿ ಮಾಡುತ್ತದೆ, ಕಾಲೂ ಜಾರುತ್ತದೆ. ಮಳೆ ಬಿದ್ದು ಹುಲ್ಲು ಕೈ ಮೀರಿ ಮೊಣಕಾಲಿಗೆ ಬಂದಿದ್ದರೆ ಚಕ್ರದ ಯಂತ್ರವನ್ನು ನುಗ್ಗಿಸಬೇಡಿ. ಮೊದಲು ಕುಡುಗೋಲಿನಲ್ಲೋ ದಾರದ ಯಂತ್ರದಲ್ಲೋ ಸವರಿ, ಮೂರು ನಾಲ್ಕು ದಿನ ಬಿಟ್ಟು ಯಂತ್ರವನ್ನು ಎತ್ತರದ ಗುರುತಿಗೆ ಇಟ್ಟು ನಡೆಸಿ.

ಇಳಿಜಾರಿನಲ್ಲಿ ಚಕ್ರದ ಯಂತ್ರವನ್ನು ಅಡ್ಡಡ್ಡಲಾಗಿ ನಡೆಸಬೇಕು, ಮೇಲೆ ಕೆಳಗೆ ಅಲ್ಲ. ಕಾಲು ಜಾರಿದರೆ ಯಂತ್ರ ಮೈಮೇಲೆ ಬರಬಾರದು. ಕಡಿದಾದ ಏರಿನಲ್ಲಿ ಚಕ್ರದ ಯಂತ್ರವೇ ಬೇಡ.

ಕತ್ತರಿಸಿದ ಹುಲ್ಲು ನುಣ್ಣಗಿದ್ದರೆ ಅಲ್ಲೇ ಬಿಡಬಹುದು, ಕರಗಿ ಗೊಬ್ಬರವಾಗುತ್ತದೆ. ಚೀಲದಲ್ಲಿ ತುಂಬಿದ್ದನ್ನು ಕಾಫಿ, ಅಡಿಕೆ ಬುಡಕ್ಕೆ ತೆಳುವಾಗಿ ಹೊದಿಸಿ. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟಿರಲಿ, ದಪ್ಪವಾಗಿ ಹಾಕಿದರೆ ಕಾವೇರಿ ಕೊಳೆಯುತ್ತದೆ. ಹಸುವಿಗೆ ಹಾಕುವ ಹುಲ್ಲನ್ನು ಮಾತ್ರ ಕುಡುಗೋಲಿನಲ್ಲೇ ಕೊಯ್ಯಿರಿ. ಯಂತ್ರದ ಪುಡಿ ಹುಲ್ಲು ಚೀಲದಲ್ಲೇ ಬಿಸಿಯಾಗಿ ಬೇಗ ಕೆಡುತ್ತದೆ. ಕಳೆನಾಶಕ ಸಿಂಪಡಿಸಿದ ಜಾಗದ್ದಂತೂ ದನದ ಬಾಯಿಗೆ ಹೋಗಲೇಬಾರದು.

ಗಿಡಗಳ ಹತ್ತಿರ ಎಚ್ಚರ

ದಾರದ ಯಂತ್ರ ಹಗುರವೆಂದು ಮೆಲ್ಲಗೆ ಅಂಗಳ ದಾಟಿ ತೋಟದ ಅಂಚಿಗೆ ಹೋಗುತ್ತದೆ. ಅಲ್ಲಿ ಮೂರು ನಷ್ಟಗಳು ಕಾದಿರುತ್ತವೆ. ಒಂದು, ಎಳೆಯ ಕಾಫಿ ಗಿಡ, ಅಡಿಕೆ ಸಸಿ. ದಾರ ಒಂದು ಸುತ್ತು ತಾಗಿದರೆ ಸಾಕು, ಎಳೆ ಕಾಫಿ ಗಿಡದ ಸಿಪ್ಪೆ ಸುಲಿದು ಬರುತ್ತದೆ. ಸುತ್ತಲೂ ಸಿಪ್ಪೆ ಹೋದ ಗಿಡ ಬದುಕುವುದಿಲ್ಲ. ಎರಡು, ಮರದ ಬುಡದ ಮೆಣಸಿನ ಬಳ್ಳಿ. ಹತ್ತು ವರ್ಷದ ಬಳ್ಳಿ ಅರೆಗಳಿಗೆಯಲ್ಲಿ ಬುಡ ಕತ್ತರಿಸಿಕೊಳ್ಳುತ್ತದೆ. ಮೂರು, ಹುಲ್ಲಿನಡಿ ಮರೆಯಾದ ಹನಿ ನೀರಾವರಿಯ ಪೈಪು. ಇದು ಕತ್ತರಿಸಿದ್ದು ಬೇಸಿಗೆಯಲ್ಲಿ ನೀರು ಬಿಟ್ಟಾಗಲೇ ತಿಳಿಯುವುದು. ಬುಡದ ಸುತ್ತ ಎರಡಡಿ ಜಾಗವನ್ನು ಕೈಯಲ್ಲೇ ಬಿಡಿಸಿ. ಅಷ್ಟು ಕೆಲಸವನ್ನು ಯಾವ ಯಂತ್ರಕ್ಕೂ ಒಪ್ಪಿಸಬಾರದು.

ಅಪಾಯ

ಸದ್ದು ಕಡಿಮೆ ಇರುವುದೇ ಈ ಯಂತ್ರದ ಗುಣ, ಅದೇ ಇದರ ಅಪಾಯ. ಪೆಟ್ರೋಲ್ ಯಂತ್ರದ ಆರ್ಭಟಕ್ಕೆ ಮಕ್ಕಳು ದೂರ ಓಡುತ್ತಾರೆ. ಇದು ಆಟದ ಸಾಮಾನಿನಂತೆ ಕಾಣುತ್ತದೆ. ಕಳೆದ ವರ್ಷ ನಾನು ದಾರದ ಯಂತ್ರದಲ್ಲಿ ಅಂಗಳದ ಅಂಚು ಸವರುತ್ತಿದ್ದಾಗ ಒಂದು ಹರಳುಕಲ್ಲು ಹಾರಿ, ಹತ್ತು ಮಾರು ದೂರದಲ್ಲಿ ನಿಂತಿದ್ದ ಜೀಪಿನ ಗಾಜು ಸೀಳಿತು. ಅರ್ಧ ಗಂಟೆಯ ಮುಂಚೆ ಆ ಜೀಪಿನ ಪಕ್ಕದಲ್ಲಿ ನನ್ನ ಮೊಮ್ಮಗಳು ಆಡುತ್ತಿದ್ದಳು. ಅಂದು ಯಂತ್ರ ಕೆಳಗಿಟ್ಟವನು ಮತ್ತೆ ಎತ್ತಿಕೊಳ್ಳಲು ಎರಡು ವಾರ ಬೇಕಾಯಿತು. ಈಗ ಈ ನಿಯಮಗಳನ್ನು ಮೀರುವುದಿಲ್ಲ.

ಮೊದಲು ಅಂಗಳದಲ್ಲಿ ನಡೆದು ಕಲ್ಲು, ತೆಂಗಿನ ಚಿಪ್ಪು, ತಂತಿ, ಅಡಿಕೆ ಹಾಳೆ ಎಲ್ಲ ಆರಿಸಬೇಕು. ಕೋಲಿನಿಂದ ಪೊದೆ ಬಡಿದು ಸದ್ದು ಮಾಡಬೇಕು, ಹಾವಿದ್ದರೆ ಸರಿದು ಹೋಗಲಿ. ಕಣ್ಣಿಗೆ ಕನ್ನಡಕ, ಕಾಲಿಗೆ ಗಂಬೂಟು, ಮೈಗೆ ಉದ್ದ ಷರಾಯಿ. ಪಂಚೆ, ಸೀರೆಯ ಸೆರಗು ತಿರುಗುವ ಯಂತ್ರದ ಹತ್ತಿರ ಬರಬಾರದು. ದಾರದ ಯಂತ್ರ ನಡೆಯುವಾಗ 15 ಮೀಟರ್ ಒಳಗೆ ಜನ, ಜಾನುವಾರು ಇರಬಾರದು. ಅಲಗಿಗೆ ಹುಲ್ಲು ಸುತ್ತಿದರೆ ಮೊದಲು ಬ್ಯಾಟರಿಯನ್ನು ತೆಗೆದು ನೆಲದ ಮೇಲಿಡಿ, ಆಮೇಲೆ ಕೈ ಹಾಕಿ. ಸ್ವಿಚ್ ಆರಿಸಿದರೆ ಸಾಕೆಂಬ ಧೈರ್ಯ ಬೇಡ. ಪಾರ್ಥೇನಿಯಂ ಇರುವ ಕಡೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಅದರ ಪುಡಿಯಿಂದ ಕೆಲವರಿಗೆ ಉಬ್ಬಸ, ತುರಿಕೆ ಬರುತ್ತದೆ.

ಬ್ಯಾಟರಿಯ ಆರೈಕೆ

ಲಿಥಿಯಂ ಬ್ಯಾಟರಿಗೆ ಬಿಸಿಯೇ ಶತ್ರು. ಮಾರ್ಚ್ ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಜೀಪಿನೊಳಗೆ, ತಗಡಿನ ಮಾಡಿನ ಶೆಡ್ಡಿನಲ್ಲಿ ಇಡಬೇಡಿ. ಕೆಲಸ ಮುಗಿದ ಕೂಡಲೆ ಬಿಸಿ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ, ಅರ್ಧ ಗಂಟೆ ತಣಿಯಲಿ. ಪೂರ್ತಿ ಖಾಲಿ ಮಾಡಿ ತುಂಬಬೇಕೆಂಬ ಹಳೆಯ ಪದ್ಧತಿ ಈ ಬ್ಯಾಟರಿಗೆ ಅಗತ್ಯವಿಲ್ಲ. ಜನವರಿಯಿಂದ ಮೇ ತನಕ ಕೆಲಸವಿಲ್ಲದಾಗ ಅರ್ಧ ಚಾರ್ಜಿನಲ್ಲಿ, ಯಂತ್ರದಿಂದ ಬೇರ್ಪಡಿಸಿ, ಮನೆಯೊಳಗೆ ತಂಪಾದ ಜಾಗದಲ್ಲಿಡಿ. ಎರಡು ತಿಂಗಳಿಗೊಮ್ಮೆ ನೋಡಿ.

ಚಾರ್ಜು ಮಾಡುವ ಜಾಗ ಸಿಮೆಂಟಿನ ನೆಲವೋ ಕಲ್ಲಿನ ಜಗಲಿಯೋ ಆಗಿರಲಿ. ಗೋಣಿಚೀಲದ ಮೇಲೆ, ಹುಲ್ಲಿನ ಅಟ್ಟದಲ್ಲಿ, ಒಣ ಅಡಿಕೆ ತುಂಬಿದ ಕೋಣೆಯಲ್ಲಿ ಖಂಡಿತ ಬೇಡ. ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿಗೆ ಮುಂಚೆ ಚಾರ್ಜರನ್ನು ಪ್ಲಗ್ಗಿನಿಂದ ಕಿತ್ತಿಡಿ. ಇಲಿ ಕಡಿದ ವೈರನ್ನು ಟೇಪು ಸುತ್ತಿ ಓಡಿಸಬೇಡಿ. ಉಬ್ಬಿದ, ಒಡೆದ, ನೀರಿಗೆ ಬಿದ್ದ ಬ್ಯಾಟರಿಯನ್ನು ಮತ್ತೆ ಚಾರ್ಜು ಮಾಡಬಾರದು, ಬಿಚ್ಚಿ ನೋಡಬಾರದು, ತಿಪ್ಪೆಗೂ ಒಲೆಗೂ ಎಸೆಯಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳು ಸರಿಯಾಗಿ ವಿಲೇವಾರಿಯಾಗುವಂತೆ ನೋಡಿಕೊಳ್ಳುವ ಹೊಣೆ ತಯಾರಕರ ಮೇಲಿದೆ. ಕೊಂಡ ಅಂಗಡಿಯಲ್ಲಿ ವಿಚಾರಿಸಿ ಅಲ್ಲಿಗೇ ಮುಟ್ಟಿಸಿ.

ಯಂತ್ರವನ್ನು ಪೈಪು ಹಿಡಿದು ತೊಳೆಯಬೇಡಿ. ಪ್ರತಿ ಸಲವೂ ಬ್ಯಾಟರಿ ತೆಗೆದು, ಮರದ ಚಕ್ಕೆಯಿಂದ ತಟ್ಟೆಯೊಳಗಿನ ಹುಲ್ಲು ಕೆರೆದು, ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಅಲಗು ಮೊಂಡಾದರೆ ಹುಲ್ಲಿನ ತುದಿ ಹರಿದು ಕಂದು ಬಣ್ಣಕ್ಕೆ ತಿರುಗುತ್ತದೆ, ಬ್ಯಾಟರಿಯೂ ಬೇಗ ಮುಗಿಯುತ್ತದೆ. ಮಳೆಗಾಲದಲ್ಲಿ ಎರಡು ಸಲವಾದರೂ ಅರದಿಂದ ಸಾಣೆ ಹಿಡಿಯಬೇಕು. ಸಾಣೆಯಾದ ಮೇಲೆ ಅಲಗಿನ ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ನೋಡಿ. ಒಂದು ಕಡೆ ವಾಲಿದರೆ ಆ ಕಡೆಯನ್ನು ಇನ್ನಷ್ಟು ಉಜ್ಜಿ ಸಮ ಮಾಡಿ. ಸಮವಿಲ್ಲದ ಅಲಗು ಯಂತ್ರವನ್ನು ನಡುಗಿಸಿ ಮೋಟಾರನ್ನು ತಿನ್ನುತ್ತದೆ.

ಒಂದು ಸಲಹೆ

ಸಂಘದಿಂದಲೇ ಎರಡು ಯಂತ್ರ ಕೊಂಡು ಬಾಡಿಗೆಗೆ ಕೊಡಬಾರದೇ ಎಂದು ಕೆಲವು ಸದಸ್ಯರು ಕೇಳಿದ್ದಾರೆ. ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಯಂತ್ರ ಹಂಚಿಕೊಳ್ಳಬಹುದು, ಬ್ಯಾಟರಿ ಹಂಚಿಕೊಳ್ಳಲಾಗದು. ಹತ್ತು ಕೈ ಬದಲಾಗುವ ಬ್ಯಾಟರಿಯನ್ನು ಬಿಸಿಲಲ್ಲಿಟ್ಟವರು ಯಾರು, ಒದ್ದೆ ಮಾಡಿದವರು ಯಾರು ಎಂಬ ಜಗಳ ಮಹಾಸಭೆಯವರೆಗೆ ಬರುತ್ತದೆ. ಅಕ್ಕಪಕ್ಕದ ಮೂರು ನಾಲ್ಕು ಮನೆಯವರು ಸೇರಿ ಒಂದು ಯಂತ್ರ ಕೊಂಡು, ಬ್ಯಾಟರಿ ಮಾತ್ರ ಅವರವರದ್ದು ಅವರವರೇ ಇಟ್ಟುಕೊಂಡರೆ ಖರ್ಚೂ ಹಗುರ, ಸ್ನೇಹವೂ ಉಳಿಯುತ್ತದೆ. ನಮ್ಮ ಬೀದಿಯಲ್ಲಿ ಈಗ ಮೂರು ಮನೆಗೆ ಒಂದು ಯಂತ್ರ. ಭಾನುವಾರ ಬೆಳಿಗ್ಗೆ ನಮ್ಮ ಸರದಿ.

ಕೊನೆಯದಾಗಿ ಒಂದು ಮಾತು. ಈ ಮಳೆಗಾಲ ನಮ್ಮ ಕಣದ ಅಂಚು ನಾಲ್ಕು ಬೆರಳಿಗಿಂತ ಎತ್ತರ ಬೆಳೆಯಲಿಲ್ಲ. ನಮ್ಮ ಮನೆಯವರೇ ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ನಡೆದು ಕತ್ತರಿಸುತ್ತಾರೆ. ಸೌದೆಗೆ ಹೋಗುವ ಆಳು ಹೆಂಗಸು ಈಗ ನೆಲ ನೋಡಿಕೊಂಡು ನಿಶ್ಚಿಂತೆಯಾಗಿ ಹೋಗುತ್ತಾಳೆ. ಯಂತ್ರಕ್ಕೆ ಕೊಟ್ಟ ಹಣದ ಲೆಕ್ಕ ನಾನು ಅಲ್ಲಿಗೇ ಮುಗಿಸಿದ್ದೇನೆ.

ಯಂತ್ರ ಕೊಂಡ ಸದಸ್ಯರು ತಮ್ಮ ಅನುಭವವನ್ನು, ಒಳ್ಳೆಯದಾಗಲಿ ಕೆಟ್ಟದಾಗಲಿ, ಒಂದು ಹಾಳೆಯಲ್ಲಿ ಬರೆದು ಕಚೇರಿಗೆ ಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಎಲ್ಲರಿಗೂ ಉಪಯೋಗವಾಗುವಂತೆ ಪ್ರಕಟಿಸಲಾಗುವುದು.

ಕಾರ್ಯದರ್ಶಿ